ಎರಡನೇ ಮಾನಿಟರ್ ಯಾಕೆ ಕಪ್ಪಾಗಿಯೇ ಉಳಿಯುತ್ತದೆ?

ಒಂದು ಕೇಬಲ್ ಸಿಕ್ಕಿಸಿದರೆ ಸಾಕು, ಚಾರ್ಜಿಂಗ್, ಕೀಬೋರ್ಡ್, ಮೌಸ್, ಇಂಟರ್ನೆಟ್, ಜೊತೆಗೆ ಎರಡು ಮಾನಿಟರ್. ಇವೆಲ್ಲವನ್ನೂ ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ, ಅಂದರೆ ಡಾಕಿಂಗ್ ಸ್ಟೇಷನ್ (ಚಿಕ್ಕದಾಗಿ ಡಾಕ್), ಮಾರಾಟವಾಗುವುದೇ ಈ ಮಾತಿನ ಮೇಲೆ. 2020ರ ಲಾಕ್‌ಡೌನ್ ನಂತರ ಈ ಪೆಟ್ಟಿಗೆ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಕಚೇರಿಗಳಿಂದ ಹೊರಟು ಶಿವಮೊಗ್ಗ, ಪುತ್ತೂರು, ಧಾರವಾಡದ ಮನೆಗಳ ಮೇಜಿನ ಮೇಲೂ ಬಂದು ಕೂತಿದೆ. ದೂರುಗಳೂ ಅದರ ಹಿಂದೆಯೇ ಬಂದಿವೆ. ಒಂದು ಮಾನಿಟರ್ ಬರುತ್ತದೆ, ಇನ್ನೊಂದು ಬರುವುದಿಲ್ಲ. 4ಕೆ ಮಾನಿಟರ್‌ನಲ್ಲಿ ಮೌಸ್ ಎಳೆದರೆ ತಡೆತಡೆದು ಚಲಿಸುತ್ತದೆ. ಮೀಟಿಂಗ್ ನಡುವೆ ಪರದೆ ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತದೆ. ಊಟ ಮುಗಿಸಿ ಬಂದು ಲಾಗಿನ್ ಆದರೆ ತೆರೆದಿಟ್ಟಿದ್ದ ವಿಂಡೋಗಳೆಲ್ಲ ಲ್ಯಾಪ್‌ಟಾಪ್‌ನ ಸಣ್ಣ ಪರದೆಯಲ್ಲಿ ಗುಂಪುಗೂಡಿರುತ್ತವೆ.

ಇಷ್ಟಕ್ಕೂ ಸಾಮಾನ್ಯವಾಗಿ ಸಿಗುವ ತೀರ್ಪು ಒಂದೇ: ಡಾಕ್ ಹೋಗಿದೆ, ಬೇರೆ ತರಿಸಿ. ಹಲವು ಸಾವಿರ ರೂಪಾಯಿ ಕೊಟ್ಟು ಹೊಸದನ್ನು ತರಿಸಿದ ಮೇಲೂ ಅದೇ ಮಾನಿಟರ್ ಅದೇ ರೀತಿ ಕಪ್ಪಾಗಿ ನಿಂತಿರುತ್ತದೆ. ಬಹುತೇಕ ಸಲ ಡಾಕ್ ಕೆಟ್ಟೇ ಇರುವುದಿಲ್ಲ. ಲ್ಯಾಪ್‌ಟಾಪ್‌ನಿಂದ ಮಾನಿಟರ್‌ವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ಚಿತ್ರದ ಡೇಟಾ ಹರಿಯಲು ಜಾಗ ಸಾಲದೆ ಹೋಗಿರುತ್ತದೆ. ಎಷ್ಟು ಜಾಗ ಇದೆ ಎಂಬುದನ್ನು ಲ್ಯಾಪ್‌ಟಾಪ್ ಮೇಲೂ ಕೇಬಲ್ ಮೇಲೂ ಡಾಕ್ ಮೇಲೂ ಸರಿಯಾಗಿ ಮುದ್ರಿಸದೆ ಇರುವುದೇ ಈ ಗೊಂದಲದ ಮೂಲ. ಅದರ ಹೊಣೆ ತಯಾರಕರದು, ಕೊಂಡವರದಲ್ಲ.

ಮೊದಲು ತಿಳಿಯಬೇಕಾದದ್ದು ಚಿತ್ರ ಯಾವ ದಾರಿಯಲ್ಲಿ ಹೋಗುತ್ತಿದೆ ಎಂಬುದು. ಹೊರಗಿನಿಂದ ನೋಡಿದರೆ ಎಲ್ಲ ಡಾಕ್‌ಗಳೂ ಒಂದೇ, ಒಂದು ಟೈಪ್-ಸಿ ಕೇಬಲ್, ಹಿಂದೆ ಎರಡು ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕಿಂಡಿ. ಒಳಗೆ ಮಾತ್ರ ಮೂರು ಬೇರೆ ಬೇರೆ ವ್ಯವಸ್ಥೆಗಳಿವೆ. ಮೊದಲನೆಯದು ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್: ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಚಿಪ್ ಕಳಿಸುವ ವಿಡಿಯೊ ಸಿಗ್ನಲ್ಲನ್ನೇ ಟೈಪ್-ಸಿ ಕೇಬಲ್‌ನ ತಂತಿಗಳ ಮೇಲೆ ನೇರವಾಗಿ ಹರಿಸುವುದು. ಎರಡನೆಯದು ಥಂಡರ್‌ಬೋಲ್ಟ್ ಮತ್ತು ಅದರ ಬೆನ್ನಿಗೆ ಬಂದ ಯುಎಸ್‌ಬಿ4: ವಿಡಿಯೊ, ಡೇಟಾ ಎರಡನ್ನೂ ಪ್ಯಾಕೆಟ್‌ಗಳಾಗಿಸಿ ಸಾಮಾನ್ಯವಾಗಿ ಸೆಕೆಂಡಿಗೆ 40 ಗಿಗಾಬಿಟ್‌ವರೆಗಿನ ದೊಡ್ಡ ಕೊಳವೆಯಲ್ಲಿ ಕಳಿಸುವುದು. ಮೂರನೆಯದು ಡಿಸ್‌ಪ್ಲೇಲಿಂಕ್. ಇಲ್ಲಿ ಕೇಬಲ್‌ನಲ್ಲಿ ವಿಡಿಯೊ ಸಿಗ್ನಲ್ ಹೋಗುವುದೇ ಇಲ್ಲ. ಲ್ಯಾಪ್‌ಟಾಪ್‌ನಲ್ಲಿರುವ ಸಾಫ್ಟ್‌ವೇರ್ ಪರದೆಯ ಚಿತ್ರವನ್ನು ಕುಗ್ಗಿಸಿ ಮಾಮೂಲಿ ಯುಎಸ್‌ಬಿ ಡೇಟಾ ಮಾಡುತ್ತದೆ, ಡಾಕ್‌ನಲ್ಲಿರುವ ಚಿಪ್ ಅದನ್ನು ಬಿಡಿಸಿ ಮಾನಿಟರ್‌ಗೆ ಕೊಡುತ್ತದೆ. ಒಂದು ದಾರಿಗೆ ಹೇಳುವ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಆಲ್ಟ್ ಮೋಡ್ ಡಾಕ್ ಇಟ್ಟುಕೊಂಡು ಡಿಸ್‌ಪ್ಲೇಲಿಂಕ್ ಡ್ರೈವರ್ ಹಾಕಿದರೆ ಏನೂ ಆಗುವುದಿಲ್ಲ. ಡಿಸ್‌ಪ್ಲೇಲಿಂಕ್ ಡಾಕ್‌ಗೆ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹತ್ತು ಸಲ ಹಾಕಿದರೂ ಅಷ್ಟೇ.

ವಿಂಡೋಸ್‌ನಲ್ಲಿ ಇದನ್ನು ಪತ್ತೆಹಚ್ಚುವುದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ಮಾನಿಟರ್ ಆರಿಸಿ. ಅದು ಯಾವ ಗ್ರಾಫಿಕ್ಸ್‌ಗೆ ಜೋಡಿಸಿದೆ ಎಂದು ಅಲ್ಲೇ ಬರೆದಿರುತ್ತದೆ. ಇಂಟೆಲ್, ಎಎಂಡಿ, ಎನ್ವಿಡಿಯಾ ಎಂದಿದ್ದರೆ ಮೊದಲೆರಡು ದಾರಿಗಳಲ್ಲಿ ಒಂದು, ಡಿಸ್‌ಪ್ಲೇಲಿಂಕ್ ಎಂದಿದ್ದರೆ ಮೂರನೆಯದು. ಅದೇ ಪುಟದಲ್ಲಿ ಈಗ ನಿಜವಾಗಿ ಹೋಗುತ್ತಿರುವ ರೆಸಲ್ಯೂಶನ್ (ಚಿತ್ರದಲ್ಲಿ ಎಷ್ಟು ಚುಕ್ಕೆಗಳು) ಮತ್ತು ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ, ಹರ್ಟ್ಸ್ ಲೆಕ್ಕದಲ್ಲಿ) ಕೂಡ ಕಾಣುತ್ತದೆ. ಈ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಮುಂದಿನ ಲೆಕ್ಕಕ್ಕೆ ಬೇಕು.

ಆಲ್ಟ್ ಮೋಡ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಗ್ಗದ ಮತ್ತು ಮಧ್ಯಮ ದರದ ಡಾಕ್‌ಗಳಲ್ಲಿ ಬಹುಪಾಲು ಇದೇ. 2014ರಲ್ಲಿ ಬಂದ ಟೈಪ್-ಸಿ ಕಿಂಡಿಯಲ್ಲಿ 24 ಪಿನ್‌ಗಳಿವೆ. ಅವುಗಳಲ್ಲಿ ವೇಗದ ಡೇಟಾಕ್ಕೆಂದು ಇರುವುದು ನಾಲ್ಕು ಲೇನ್, ಅಂದರೆ ಸಿಗ್ನಲ್ ಹರಿಯುವ ನಾಲ್ಕು ಹಾದಿ. ನಾಲ್ಕನ್ನೂ ವಿಡಿಯೊಗೆ ಕೊಟ್ಟರೆ ಡಾಕ್‌ನ ಉಳಿದ ಯುಎಸ್‌ಬಿ ಪೋರ್ಟ್‌ಗಳಿಗೆ ಹಳೆಯ ಯುಎಸ್‌ಬಿ 2.0 ವೇಗವಷ್ಟೇ ಉಳಿಯುತ್ತದೆ. ಹೊರಗಿನ ಹಾರ್ಡ್ ಡಿಸ್ಕ್, ವೆಬ್‌ಕ್ಯಾಮ್, ಗಿಗಾಬಿಟ್ ನೆಟ್‌ವರ್ಕ್ ಸರಿಯಾಗಿ ಓಡಬೇಕೆಂದರೆ ಎರಡು ಲೇನ್ ಯುಎಸ್‌ಬಿ 3ಕ್ಕೆ ಬಿಟ್ಟುಕೊಡಬೇಕು, ವಿಡಿಯೊಗೆ ಎರಡೇ ಉಳಿಯುತ್ತವೆ. ಹೆಚ್ಚಿನ ಡಾಕ್‌ಗಳು ಮಾಡುವುದು ಈ ಎರಡನೆಯದನ್ನೇ.

ಈಗ ಲೆಕ್ಕ ಹಾಕೋಣ. ಡಿಸ್‌ಪ್ಲೇಪೋರ್ಟ್ 1.2 ಕಾಲದ ಲ್ಯಾಪ್‌ಟಾಪ್‌ನಲ್ಲಿ ಒಂದು ಲೇನ್ ಸೆಕೆಂಡಿಗೆ 5.4 ಗಿಗಾಬಿಟ್ ಒಯ್ಯುತ್ತದೆ, ಎರಡು ಲೇನ್ ಸೇರಿ 10.8. ಸಿಗ್ನಲ್ ಸುರಕ್ಷಿತವಾಗಿ ತಲುಪಲು ಬಳಸುವ ಸಂಕೇತ ಪದ್ಧತಿಗೆ ಅದರಲ್ಲಿ ಐದನೇ ಒಂದು ಭಾಗ ಹೋಗುತ್ತದೆ. ಚಿತ್ರಕ್ಕೆ ಸಿಗುವುದು 8.64. ಡಿಸ್‌ಪ್ಲೇಪೋರ್ಟ್ 1.4 ಬೆಂಬಲಿಸುವ ಲ್ಯಾಪ್‌ಟಾಪ್ ಮತ್ತು ಡಾಕ್ ಎರಡೂ ಇದ್ದರೆ ಲೇನ್ ಒಂದಕ್ಕೆ 8.1 ಗಿಗಾಬಿಟ್, ಎರಡು ಲೇನ್‌ನಲ್ಲಿ ಚಿತ್ರಕ್ಕೆ ಸಿಗುವುದು 12.96.

ಇನ್ನು ಖರ್ಚಿನ ಕಡೆ. ಪೂರ್ಣ ಎಚ್‌ಡಿ ಅಂದರೆ 1080ಪಿ ಮಾನಿಟರ್ 60 ಹರ್ಟ್ಸ್‌ನಲ್ಲಿ ಸುಮಾರು 3.3 ಗಿಗಾಬಿಟ್ ತಿನ್ನುತ್ತದೆ. 1440ಪಿ ಮಾನಿಟರ್ 5.8. 4ಕೆ ಮಾನಿಟರ್ 60 ಹರ್ಟ್ಸ್‌ಗೆ 12.5ರಿಂದ 12.8 ಕೇಳುತ್ತದೆ, 30 ಹರ್ಟ್ಸ್‌ಗೆ ಸುಮಾರು 6.3. ಅಗ್ಗದ ಡಾಕ್‌ನಲ್ಲಿ 4ಕೆ ಮಾನಿಟರ್ 30 ಹರ್ಟ್ಸ್‌ಗೇ ಸಿಕ್ಕಿಕೊಳ್ಳುವುದು, ಮೌಸ್ ತಡೆದು ತಡೆದು ಚಲಿಸುವಂತೆ ಕಾಣುವುದು ಇದಕ್ಕೇ. 8.64ರಲ್ಲಿ 12.5 ಹಿಡಿಸುವುದಿಲ್ಲ, 6.3 ಹಿಡಿಸುತ್ತದೆ. ಎರಡು 1080ಪಿ ಮಾನಿಟರ್ ಆರಾಮವಾಗಿ ಹಿಡಿಸುತ್ತವೆ. ಎರಡು 1440ಪಿ ಮಾನಿಟರ್‌ಗೆ 11.6 ಬೇಕು, ಹಳೆಯ ಲ್ಯಾಪ್‌ಟಾಪ್‌ನಲ್ಲಿ ಎರಡನೆಯದು ಕಪ್ಪಾಗಿ ಉಳಿಯುತ್ತದೆ ಅಥವಾ ಕಡಿಮೆ ರೆಸಲ್ಯೂಶನ್‌ಗೆ ಇಳಿಯುತ್ತದೆ. ಅದೇ ಡಾಕ್, ಅದೇ ಮಾನಿಟರ್‌ಗಳು ಪಕ್ಕದ ಸಹೋದ್ಯೋಗಿಯ ಹೊಸ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದೊಡನೆ ಸರಿಯಾಗಿ ನಡೆಯುವುದುಂಟು. ಆಗ ಜನ ಲ್ಯಾಪ್‌ಟಾಪ್ ಕೆಟ್ಟಿದೆ ಎನ್ನುತ್ತಾರೆ. ಅದೂ ಕೆಟ್ಟಿಲ್ಲ.

ಹಾಗಾಗಿ ಎರಡನೇ ಮಾನಿಟರ್ ಬಾರದಿದ್ದಾಗ ಮಾಡಬೇಕಾದ ಮೊದಲ ಪರೀಕ್ಷೆಗೆ ಕಾಸು ಖರ್ಚಿಲ್ಲ. ಬರುತ್ತಿರುವ ಮಾನಿಟರ್‌ನ ರೆಸಲ್ಯೂಶನ್ 1080ಪಿಗೆ, ರಿಫ್ರೆಶ್ ರೇಟ್ 60ಕ್ಕೆ ಇಳಿಸಿ. 144 ಹರ್ಟ್ಸ್ ಮಾನಿಟರ್ ಆಗಿದ್ದರೆ ಇದು ಇನ್ನೂ ಮುಖ್ಯ, ಏಕೆಂದರೆ ಹರ್ಟ್ಸ್ ಏರಿದಷ್ಟೂ ಖರ್ಚು ಏರುತ್ತದೆ. ಇಳಿಸಿದ ತಕ್ಷಣ ಎರಡನೆಯದು ಬೆಳಗಿದರೆ ಸಮಸ್ಯೆ ಬ್ಯಾಂಡ್‌ವಿಡ್ತ್‌ನದೇ, ಅಂದರೆ ದಾರಿಯ ಜಾಗದ್ದೇ, ಯಾವ ಭಾಗವೂ ಕೆಟ್ಟಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಬೇರೆ ಎಚ್‌ಡಿಎಂಐ ಪೋರ್ಟ್ ಇದ್ದರೆ ಒಂದು ಮಾನಿಟರನ್ನು ಡಾಕ್ ಬಿಟ್ಟು ನೇರವಾಗಿ ಅಲ್ಲಿಗೆ ಹಾಕಿ. ಒಂದೇ ಕೇಬಲ್‌ನ ಸೊಗಸು ಹೋಗುತ್ತದೆ, ಕೆಲಸ ನಡೆಯುತ್ತದೆ. ಟೈಪ್-ಸಿ ಮಾನಿಟರ್‌ಗಳ ಮತ್ತು ಕೆಲವು ಡಾಕ್‌ಗಳ ಸೆಟ್ಟಿಂಗ್‌ನಲ್ಲಿ ಡೇಟಾ ವೇಗಕ್ಕೆ ಆದ್ಯತೆಯೋ ರೆಸಲ್ಯೂಶನ್‌ಗೆ ಆದ್ಯತೆಯೋ ಎಂಬ ಆಯ್ಕೆ ಇರುತ್ತದೆ. ರೆಸಲ್ಯೂಶನ್ ಆರಿಸಿದರೆ ನಾಲ್ಕೂ ಲೇನ್ ಚಿತ್ರಕ್ಕೆ ಸಿಗುತ್ತವೆ.

ಪರದೆಗಳ ಸಂಖ್ಯೆಗೂ ಒಂದು ಮಿತಿ ಇದೆ, ಅದು ಕೇಬಲ್‌ಗೆ ಸಂಬಂಧಿಸಿದ್ದಲ್ಲ. ಇಂಟೆಲ್‌ನ ಹಳೆಯ ಯುಎಚ್‌ಡಿ ಗ್ರಾಫಿಕ್ಸ್ ಒಟ್ಟು ಮೂರು ಪರದೆ ನಡೆಸುತ್ತದೆ, 2020ರಲ್ಲಿ ಬಂದ 11ನೇ ಪೀಳಿಗೆಯ ಐರಿಸ್ ಎಕ್ಸ್‌ಇ ನಾಲ್ಕು. ಲ್ಯಾಪ್‌ಟಾಪ್‌ನ ಸ್ವಂತ ಪರದೆಯೂ ಈ ಲೆಕ್ಕದಲ್ಲಿ ಸೇರುತ್ತದೆ. ಮೂರು ಹೊರಗಿನ ಮಾನಿಟರ್ ಇಟ್ಟು ಮೂರನೆಯದು ಬಾರದಿದ್ದರೆ ಲ್ಯಾಪ್‌ಟಾಪ್ ಮುಚ್ಚಿ ನೋಡಿ. ಮುಚ್ಚುವ ಮೊದಲು ಪವರ್ ಆಯ್ಕೆಗಳಲ್ಲಿ ಮುಚ್ಚಳ ಮುಚ್ಚಿದಾಗ ಏನೂ ಮಾಡಬೇಡ ಎಂದು ಹೇಳಿರಬೇಕು, ಇಲ್ಲದಿದ್ದರೆ ಇಡೀ ಯಂತ್ರವೇ ಮಲಗುತ್ತದೆ.

ಮ್ಯಾಕ್ ಬಳಸುವವರ ಕಷ್ಟ ಬೇರೆಯೇ. ಒಂದೇ ಡಿಸ್‌ಪ್ಲೇಪೋರ್ಟ್ ಸಿಗ್ನಲ್ಲನ್ನು ಹಲವು ಮಾನಿಟರ್‌ಗಳಿಗೆ ಹಂಚುವ ಎಂಎಸ್‌ಟಿ ಎಂಬ ವಿಧಾನ 2010ರ ಡಿಸ್‌ಪ್ಲೇಪೋರ್ಟ್ 1.2ರಿಂದಲೇ ಇದೆ, ಎರಡು ಎಚ್‌ಡಿಎಂಐ ಕೊಡುವ ಸಾಮಾನ್ಯ ಡಾಕ್‌ಗಳು ನಿಂತಿರುವುದೇ ಅದರ ಮೇಲೆ. ಮ್ಯಾಕ್‌ಓಎಸ್ ಅದನ್ನು ಬೇರೆ ಬೇರೆ ಪರದೆಗಳಾಗಿ ವಿಸ್ತರಿಸಲು ಬಿಡುವುದಿಲ್ಲ, ಎರಡೂ ಮಾನಿಟರ್‌ನಲ್ಲಿ ಒಂದೇ ಚಿತ್ರ ಬರುತ್ತದೆ. ಇದರ ಮೇಲೆ ಚಿಪ್‌ನ ಮಿತಿ. 2020ರ ಎಂ1 ಮತ್ತು 2022ರ ಎಂ2 ಮ್ಯಾಕ್‌ಬುಕ್ ಏರ್‌ಗಳು ಹೊರಗಿನ ಒಂದೇ ಮಾನಿಟರ್ ನಡೆಸುತ್ತವೆ. 2024ರ ಎಂ3 ಏರ್ ಮುಚ್ಚಳ ಮುಚ್ಚಿದರೆ ಎರಡು ನಡೆಸುತ್ತದೆ, 2025ರ ಎಂ4 ಏರ್ ತೆರೆದಿದ್ದರೂ ಎರಡು. ಎಂ1 ಏರ್‌ಗೆ ಎಷ್ಟೇ ದುಬಾರಿ ಥಂಡರ್‌ಬೋಲ್ಟ್ ಡಾಕ್ ತಂದರೂ ಎರಡನೇ ಮಾನಿಟರ್ ಬರುವುದಿಲ್ಲ. ಡಿಸ್‌ಪ್ಲೇಲಿಂಕ್ ಅಥವಾ ಅದರಂತೆ ಸಾಫ್ಟ್‌ವೇರ್ ಮೂಲಕ ನಡೆಯುವ ಡಾಕ್ ಮಾತ್ರ ಈ ಮಿತಿಯನ್ನು ದಾಟಿಸುತ್ತದೆ. ಅದಕ್ಕೆ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೊಡಬೇಕು, ಅದನ್ನು ಕೊಡದೆ ಪರದೆ ಕಪ್ಪಾಗಿದೆ ಎಂದು ತಲೆಕೆಡಿಸಿಕೊಳ್ಳುವವರು ಬಹಳ. ಅನುಮತಿ ಕೊಟ್ಟಾಗ ಆ ಮಾನಿಟರ್‌ಗಳಲ್ಲಿ ಹಕ್ಕು ರಕ್ಷಣೆ ಇರುವ ಸಿನಿಮಾಗಳು ಓಡುವುದಿಲ್ಲ. ಇದೆಲ್ಲ ಕೊಳ್ಳುವ ಮೊದಲು ಅಂಗಡಿಯಲ್ಲೇ ಹೇಳಬೇಕಾದ ಮಾತು.

ವಿಂಡೋಸ್‌ನಲ್ಲೂ ಡಿಸ್‌ಪ್ಲೇಲಿಂಕ್‌ಗೆ ಒಂದು ತೊಡಕು. ಕಚೇರಿಯ ಲ್ಯಾಪ್‌ಟಾಪ್ ಮನೆಯಲ್ಲಿದೆ, ಡಾಕ್ ಸ್ವಂತದ್ದು, ಡ್ರೈವರ್ ಹಾಕಲು ಅಡ್ಮಿನ್ ಹಕ್ಕು ಇಲ್ಲ. ಇಂಥ ಸ್ಥಿತಿಯಲ್ಲಿರುವವರು ಡಿಸ್‌ಪ್ಲೇಲಿಂಕ್ ಡಾಕ್ ಕೊಳ್ಳುವ ಮೊದಲೇ ಐಟಿ ವಿಭಾಗಕ್ಕೆ ಕೇಳುವುದು ಒಳ್ಳೆಯದು.

ಇನ್ನು ಮಲಗಿ ಎದ್ದಾಗಿನ ಸಮಸ್ಯೆ. ಲ್ಯಾಪ್‌ಟಾಪ್ ಎಚ್ಚರವಾದ ಕೂಡಲೇ ಮಾನಿಟರ್‌ಗೆ ನೀನು ಯಾರು, ಯಾವ ರೆಸಲ್ಯೂಶನ್ ಬಲ್ಲೆ ಎಂದು ಕೇಳುತ್ತದೆ. ಮಾನಿಟರ್ ಇಡಿಐಡಿ ಎಂಬ ಸಣ್ಣ ದಾಖಲೆಯನ್ನು ಉತ್ತರವಾಗಿ ಕೊಡುತ್ತದೆ. ಅದರ ಮೂಲ ಭಾಗ 128 ಬೈಟ್, ಈ ಲೇಖನದ ಒಂದು ವಾಕ್ಯಕ್ಕಿಂತಲೂ ಚಿಕ್ಕದು. ನೇರ ಸಂಪರ್ಕದಲ್ಲಿ ಇದು ಇಬ್ಬರ ಮಾತುಕತೆ. ಡಾಕ್ ನಡುವೆ ಬಂದಾಗ ಮೂವರದು, ಮೂವರೂ ಬೇರೆ ಬೇರೆ ವೇಗದಲ್ಲಿ ಏಳುತ್ತಾರೆ. ಗಾಢ ನಿದ್ರೆಗೆ ಹೋದ ಮಾನಿಟರ್ ಏಳುವ ಮೊದಲೇ ಡಾಕ್ ಕೇಳಿಬಿಟ್ಟರೆ ಉತ್ತರ ಬರುವುದಿಲ್ಲ, ಮಾನಿಟರ್ ಇಲ್ಲವೆಂದೇ ವಿಂಡೋಸ್ ನಿರ್ಧರಿಸುತ್ತದೆ ಅಥವಾ ಹೆಸರಿಲ್ಲದ ಸಾಮಾನ್ಯ ಮಾನಿಟರ್ ಎಂದು ಕಡಿಮೆ ರೆಸಲ್ಯೂಶನ್ ಕೊಡುತ್ತದೆ. ಡಿಸ್‌ಪ್ಲೇಪೋರ್ಟ್‌ನಲ್ಲಿ ಮಾನಿಟರ್ ಆಫ್ ಆಗುವುದನ್ನು ಕೇಬಲ್ ಕಿತ್ತಂತೆಯೇ ಎಣಿಸುವುದುಂಟು, ವಿಂಡೋಗಳು ಸಣ್ಣ ಪರದೆಗೆ ಓಡಿಬರುವುದು ಅದರಿಂದ. ವಿಂಡೋಸ್ 11ರಲ್ಲಿ ಮಲ್ಟಿಪಲ್ ಡಿಸ್‌ಪ್ಲೇಸ್ ಅಡಿ ಮಾನಿಟರ್ ಸಂಪರ್ಕಕ್ಕೆ ತಕ್ಕಂತೆ ವಿಂಡೋ ಜಾಗ ನೆನಪಿಡುವ ಆಯ್ಕೆ ಕೊಟ್ಟಿದ್ದಾರೆ, ಅದನ್ನು ಆನ್ ಮಾಡಿಡಿ. ಮಾನಿಟರ್‌ನ ಸ್ವಂತ ಮೆನುವಿನಲ್ಲಿ ಡೀಪ್ ಸ್ಲೀಪ್ ಅಥವಾ ಅಂಥ ಹೆಸರಿನ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ.

ಇಲ್ಲಿ ಎಲ್ಲರೂ ಮಾಡುವ ಕೆಲಸ ಲ್ಯಾಪ್‌ಟಾಪ್ ರೀಸ್ಟಾರ್ಟ್. ಅದರಿಂದ ಡಾಕ್ ರೀಸ್ಟಾರ್ಟ್ ಆಗುವುದಿಲ್ಲ. ಡಾಕ್‌ಗೆ ತನ್ನದೇ ಪ್ರೊಸೆಸರ್, ತನ್ನದೇ ಫರ್ಮ್‌ವೇರ್ (ಸಾಧನದೊಳಗೇ ಕೂತಿರುವ ಸಾಫ್ಟ್‌ವೇರ್) ಇದೆ, ಗೋಡೆಯಿಂದ ಕರೆಂಟು ಬರುತ್ತಿರುವವರೆಗೆ ಅದು ತನ್ನ ಹಳೆಯ ಸ್ಥಿತಿಯಲ್ಲೇ ಇರುತ್ತದೆ. ಲ್ಯಾಪ್‌ಟಾಪ್‌ನಿಂದ ಟೈಪ್-ಸಿ ಕೀಳಿ, ಡಾಕ್‌ನ ಅಡಾಪ್ಟರ್ ಮತ್ತು ಮಾನಿಟರ್‌ನ ಪವರ್ ಎರಡನ್ನೂ ಗೋಡೆಯಿಂದ ತೆಗೆಯಿರಿ, ಒಂದು ನಿಮಿಷ ಬಿಡಿ. ಮೊದಲು ಮಾನಿಟರ್, ಆಮೇಲೆ ಡಾಕ್, ಕೊನೆಗೆ ಲ್ಯಾಪ್‌ಟಾಪ್ ಜೋಡಿಸಿ. ಅಷ್ಟು ಸಮಯ ಇಲ್ಲ, ಮೀಟಿಂಗ್ ನಡೆಯುತ್ತಿದೆ ಎಂದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಹಿಡಿದು ಬಿ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮಾತ್ರ ಹೊಸದಾಗಿ ಶುರುವಾಗುತ್ತದೆ, ತೆರೆದ ಕಡತಗಳಿಗೆ ಏನೂ ಆಗುವುದಿಲ್ಲ. ವಿಂಡೋಸ್ ಜೊತೆ ಪಿ ಒತ್ತಿ ಎಕ್ಸ್‌ಟೆಂಡ್ ಆಯ್ಕೆಯಲ್ಲಿದೆಯೇ ಎಂದೂ ನೋಡಿ. ತೀರಾ ಸಣ್ಣ ವಿಷಯ, ಆದರೂ ಎಷ್ಟೋ ದೂರು ಅಲ್ಲೇ ಮುಗಿಯುತ್ತವೆ.

ಫರ್ಮ್‌ವೇರ್ ಅಪ್‌ಡೇಟನ್ನು ಹಲವರು ಕಡೆಗಣಿಸುತ್ತಾರೆ. 2017ರಿಂದ 2019ರ ಥಿಂಕ್‌ಪ್ಯಾಡ್‌ಗಳಲ್ಲಿ ಥಂಡರ್‌ಬೋಲ್ಟ್ ಫರ್ಮ್‌ವೇರ್‌ನ ದೋಷದಿಂದ ಟೈಪ್-ಸಿ ಪೋರ್ಟ್ ಕೆಲಸ ನಿಲ್ಲಿಸಬಹುದೆಂದು ಲೆನೊವೊ ಸ್ವತಃ ಪ್ರಕಟಿಸಿ ತುರ್ತು ಅಪ್‌ಡೇಟ್ ಕೊಟ್ಟಿತ್ತು. ಅಂಥ ಯಂತ್ರದ ಮುಂದೆ ಡಾಕ್ ಬದಲಿಸಿ ಏನು ಪ್ರಯೋಜನ? ಲ್ಯಾಪ್‌ಟಾಪ್‌ನ ಬಯೋಸ್ (ಯಂತ್ರವನ್ನು ಶುರು ಮಾಡುವ ಮೂಲ ಸಾಫ್ಟ್‌ವೇರ್), ಥಂಡರ್‌ಬೋಲ್ಟ್, ಗ್ರಾಫಿಕ್ಸ್ ಡ್ರೈವರ್, ಡಾಕ್‌ನ ಫರ್ಮ್‌ವೇರ್ ನಾಲ್ಕನ್ನೂ ತಯಾರಕರ ತಾಣದಿಂದಲೇ ತನ್ನಿ. ಡಾಕ್ ಅಪ್‌ಡೇಟ್ ನಡೆಯುವಾಗ ಕರೆಂಟು ಹೋದರೆ ಅದು ನಿಜವಾಗಿಯೇ ಕೆಡಬಹುದು, ಯುಪಿಎಸ್ ಇರುವ ಹೊತ್ತಿನಲ್ಲಿ ಮಾಡಿ.

ಕೇಬಲ್ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಂದೇ ಬಣ್ಣ, ಒಂದೇ ದಪ್ಪ, ಒಂದೇ ತುದಿಯ ಟೈಪ್-ಸಿ ಕೇಬಲ್‌ಗಳ ರಾಶಿ ಸಿಗುತ್ತದೆ. ಕೆಲವು ಚಾರ್ಜಿಂಗ್ ಮತ್ತು ಯುಎಸ್‌ಬಿ 2.0ಕ್ಕೆ ಮಾತ್ರ, ಅವುಗಳೊಳಗೆ ವಿಡಿಯೊ ಒಯ್ಯುವ ಲೇನ್‌ಗಳ ತಂತಿಯೇ ಇರುವುದಿಲ್ಲ. ಫೋನ್ ಜೊತೆ ಬಂದ ಕೇಬಲ್ ಡಾಕ್‌ಗೆ ಹಾಕಿದರೆ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ, ಮೌಸ್ ಓಡುತ್ತದೆ, ಮಾನಿಟರ್ ಮಾತ್ರ ಬರುವುದಿಲ್ಲ. ಚಾರ್ಜ್ ಆಗುತ್ತಿದೆಯಲ್ಲ, ಕೇಬಲ್ ಸರಿ ಇದೆ ಎಂದು ಯಾರಿಗಾದರೂ ಅನಿಸುತ್ತದೆ. ಯುಎಸ್‌ಬಿ ಮಾನಕ ರೂಪಿಸುವ ಸಂಸ್ಥೆ 2022ರಲ್ಲಿ ಗೊಂದಲದ ಹಳೆಯ ಹೆಸರುಗಳನ್ನು ಬಿಟ್ಟು 40 ಗಿಗಾಬಿಟ್, 240 ವ್ಯಾಟ್ ಎಂದು ಅಂಕಿಯನ್ನೇ ಹಾಕುವ ಸರಳ ಗುರುತುಗಳನ್ನು ತಂದಿತು. ಆದರೆ ಆ ಗುರುತು ಪ್ರಮಾಣೀಕರಣ ಪಡೆದವರಿಗೆ ಮಾತ್ರ, ಪಡೆಯಲೇಬೇಕೆಂಬ ಕಡ್ಡಾಯ ಇಲ್ಲ. ನಮ್ಮ ಮಾನಕ ಸಂಸ್ಥೆ ಬಿಐಎಸ್ 2023ರ ಜನವರಿಯಲ್ಲಿ ಟೈಪ್-ಸಿಗೆ ಭಾರತೀಯ ಮಾನಕ ಪ್ರಕಟಿಸಿತು. ಆಗ ನಡೆದ ಚರ್ಚೆಯೆಲ್ಲ ಎಲ್ಲ ಸಾಧನಗಳಿಗೂ ಒಂದೇ ಚಾರ್ಜರ್ ಎಂಬುದರ ಸುತ್ತ. ಕಿಂಡಿಯ ಆಕಾರ ಒಂದಾಯಿತು, ಅದರ ಸಾಮರ್ಥ್ಯವನ್ನು ಮುದ್ರಿಸಬೇಕೆಂಬ ಮಾತು ಹಿಂದುಳಿಯಿತು.

ಲ್ಯಾಪ್‌ಟಾಪ್‌ನ ಕಡೆಯೂ ಹೀಗೇ. ಎರಡು ಟೈಪ್-ಸಿ ಪೋರ್ಟ್‌ಗಳಲ್ಲಿ ಒಂದರಲ್ಲಿ ಮಾತ್ರ ವಿಡಿಯೊ ಬರುವ ಯಂತ್ರಗಳು ಇಂದಿಗೂ ಮಾರಾಟದಲ್ಲಿವೆ, ಕೆಲವು ಅಗ್ಗದವುಗಳಲ್ಲಿ ಯಾವುದರಲ್ಲೂ ಬರುವುದಿಲ್ಲ. ಪೋರ್ಟ್ ಪಕ್ಕ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತು ಅಥವಾ ಡಿಸ್‌ಪ್ಲೇಪೋರ್ಟ್‌ನ ಪಿ-ಡಿ ಗುರುತು ಇದೆಯೇ ನೋಡಿ, ಇಲ್ಲದಿದ್ದರೆ ಮಾದರಿಯ ಪೂರ್ಣ ವಿವರಪಟ್ಟಿಯಲ್ಲಿ ಆಲ್ಟ್ ಮೋಡ್ ಎಂಬ ಪದ ಹುಡುಕಿ. ವಿಂಡೋಸ್ 11ರ ಪ್ರಮಾಣೀಕರಣ ಪಡೆಯುವ ಹೊಸ ಯಂತ್ರಗಳ ಟೈಪ್-ಸಿ ಪೋರ್ಟ್‌ಗಳಲ್ಲಿ ಡೇಟಾ, ಚಾರ್ಜಿಂಗ್, ಡಿಸ್‌ಪ್ಲೇ ಮೂರೂ ಇರಬೇಕೆಂದು ಮೈಕ್ರೋಸಾಫ್ಟ್ 2025ರಲ್ಲಿ ಹೇಳಿತು. ಬಹಳ ತಡವಾಗಿ ಬಂದ ಒಳ್ಳೆಯ ನಿಯಮ. ಈಗಾಗಲೇ ಜನರ ಕೈಯಲ್ಲಿರುವ ಲ್ಯಾಪ್‌ಟಾಪ್‌ಗಳಿಗೆ ಅದು ಅನ್ವಯಿಸುವುದಿಲ್ಲ.

ಡಾಕ್‌ನಿಂದ ಮಾನಿಟರ್‌ಗೆ ಹೋಗುವ ಕೇಬಲ್‌ನಲ್ಲೂ ಎರಡು ಬಲೆಗಳಿವೆ. ಒಂದು ತುದಿ ಡಿಸ್‌ಪ್ಲೇಪೋರ್ಟ್, ಇನ್ನೊಂದು ತುದಿ ಎಚ್‌ಡಿಎಂಐ ಇರುವ ಸಾಮಾನ್ಯ ಕೇಬಲ್ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ: ಡಿಸ್‌ಪ್ಲೇಪೋರ್ಟ್ ತುದಿ ಡಾಕ್‌ಗೆ, ಎಚ್‌ಡಿಎಂಐ ತುದಿ ಮಾನಿಟರ್‌ಗೆ. ತಿರುವುಮುರುವು ಹಾಕಿದರೆ ಏನೂ ಬರದು. ಎರಡನೆಯದು ಕಳಪೆ ಡಿಸ್‌ಪ್ಲೇಪೋರ್ಟ್ ಕೇಬಲ್. ಎರಡು ಸಾಧನಗಳ ನಡುವಿನ ಕೇಬಲ್‌ನಲ್ಲಿ 20ನೇ ಪಿನ್ನಿನ ತಂತಿ ಇರಬಾರದು ಎಂಬುದು ಮಾನಕ. ಅದನ್ನು ಜೋಡಿಸಿಬಿಟ್ಟ ಕೇಬಲ್‌ಗಳಲ್ಲಿ ಮಾನಿಟರ್‌ನ ವಿದ್ಯುತ್ ಹಿಮ್ಮುಖವಾಗಿ ಹರಿದು ಯಂತ್ರ ಏಳದಿರುವಂಥ ವಿಚಿತ್ರ ತೊಂದರೆ ಬರುತ್ತವೆ.

ಪರದೆ ಆಗಾಗ ಕ್ಷಣಹೊತ್ತು ಕಪ್ಪಾಗುವುದಕ್ಕೆ ಕಾರಣ ಕೆಲವೊಮ್ಮೆ ಕುರ್ಚಿ. ಇದು ತಮಾಷೆಯ ಮಾತಲ್ಲ. ಗ್ಯಾಸ್ ಲಿಫ್ಟ್ ಇರುವ ಕಚೇರಿ ಕುರ್ಚಿಯಿಂದ ಎದ್ದಾಗ ಕೂತಾಗ ಉಂಟಾಗುವ ವಿದ್ಯುತ್ಕಾಂತೀಯ ಹೊಡೆತವನ್ನು ವಿಡಿಯೊ ಕೇಬಲ್ ಹಿಡಿದುಕೊಂಡು ಸಿಗ್ನಲ್ ಕಡಿಯುವುದನ್ನು ಡಿಸ್‌ಪ್ಲೇಲಿಂಕ್ ತಂಡವೇ ತನ್ನ ಸಹಾಯ ಪುಟದಲ್ಲಿ ದಾಖಲಿಸಿದೆ. ಉದ್ದದ, ರಕ್ಷಣಾ ಕವಚ ಸರಿಯಿಲ್ಲದ ಕೇಬಲ್ ಇದ್ದರೆ ಇದು ಹೆಚ್ಚು. ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ, ಅರ್ಥಿಂಗ್. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್‌ಗೆ ಹೊಂದಿಸಿಕೊಂಡ ಮನೆ, ಸಾಕೆಟ್‌ನಲ್ಲಿ ಮೂರನೇ ರಂಧ್ರ ಇದ್ದೂ ಹಿಂದೆ ತಂತಿ ಇಲ್ಲದ ಮನೆ ನಮ್ಮಲ್ಲಿ ಸಾಕಷ್ಟಿವೆ. ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದಾಗ ಬೆರಳು ಜುಮ್ಮೆಂದರೆ ಅದು ಅರ್ಥ್ ಇಲ್ಲದಿರುವುದರ ಸೂಚನೆ. ಡಾಕ್, ಮಾನಿಟರ್, ಲ್ಯಾಪ್‌ಟಾಪ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಪರೀಕ್ಷಿಸಿ. ಇದು ಮಾನಿಟರ್‌ಗಿಂತ ಮೊದಲು ಮನೆಯವರ ಜೀವಕ್ಕೆ ಬೇಕಾದದ್ದು.

ಕರೆಂಟು ಹೋಗಿ ಇನ್ವರ್ಟರ್‌ಗೆ ಬದಲಾಗುವ ಆ ಕ್ಷಣವೂ ಡಾಕ್‌ಗೆ ಕಷ್ಟದ್ದೇ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಅದಕ್ಕೆ ಗೊತ್ತೇ ಆಗುವುದಿಲ್ಲ. ಡಾಕ್ ಮತ್ತು ಮಾನಿಟರ್ ಒಟ್ಟಿಗೆ ಬಿದ್ದು ಒಟ್ಟಿಗೆ ಏಳುತ್ತವೆ, ಮೇಲೆ ಹೇಳಿದ ಇಡಿಐಡಿ ಮಾತುಕತೆ ಮತ್ತೆ ತಪ್ಪುತ್ತದೆ. ದಿನಕ್ಕೆ ನಾಲ್ಕಾರು ಸಲ ಕರೆಂಟು ಹೋಗುವ ಊರಿನಲ್ಲಿ ಡಾಕ್ ಕೈಕೊಡುತ್ತಿದೆ ಎನಿಸಿದರೆ ಮೊದಲು ಆ ಎರಡಕ್ಕೂ ಬೇಗ ಬದಲಾಗುವ ಕಂಪ್ಯೂಟರ್ ಯುಪಿಎಸ್ ಹಾಕಿ ನೋಡಿ.

ಇಷ್ಟರ ಮೇಲೂ ಡಾಕ್ ನಿಜವಾಗಿ ಕೆಡುವುದಿಲ್ಲ ಎಂದಲ್ಲ. ಎಚ್‌ಡಿಎಂಐ ಕಿಂಡಿ ಸಡಿಲವಾಗುತ್ತದೆ, ಬಿಸಿಯಿಂದ ಚಿಪ್ ಸೊರಗುತ್ತದೆ, ಅಡಾಪ್ಟರ್ ಸಾಯುತ್ತದೆ. ಅದನ್ನು ತೀರ್ಮಾನಿಸಲು ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು: ಅದೇ ಕೇಬಲ್‌ನಲ್ಲಿ ಡಾಕ್‌ನ ಇನ್ನೊಂದು ಕಿಂಡಿ, ಅದೇ ಕಿಂಡಿಯಲ್ಲಿ ಇನ್ನೊಂದು ಕೇಬಲ್, ಅದೇ ಡಾಕ್‌ಗೆ ಇನ್ನೊಂದು ಲ್ಯಾಪ್‌ಟಾಪ್. ದೋಷ ಕಿಂಡಿಯ ಜೊತೆಗೇ ಹೋದರೆ ಡಾಕ್ ಬದಲಿಸಿ, ಕೇಬಲ್ ಜೊತೆ ಹೋದರೆ ಕೇಬಲ್ ಎಸೆಯಿರಿ. ಐಟಿ ವಿಭಾಗಕ್ಕೆ ಟಿಕೆಟ್ ಹಾಕುವಾಗ ಮಾನಿಟರ್ ಬರುತ್ತಿಲ್ಲ ಎಂದಷ್ಟೇ ಬರೆಯಬೇಡಿ. ಲ್ಯಾಪ್‌ಟಾಪ್ ಮಾದರಿ, ಡಾಕ್ ಮಾದರಿ, ಯಾವ ಪೋರ್ಟ್‌ಗೆ ಸಿಕ್ಕಿಸಿದ್ದೀರಿ, ಪ್ರತಿ ಮಾನಿಟರ್‌ನ ರೆಸಲ್ಯೂಶನ್ ಮತ್ತು ಹರ್ಟ್ಸ್ ಎಷ್ಟು, ಮೊದಲನೆಯದನ್ನು 1080ಪಿಗೆ ಇಳಿಸಿದಾಗ ಎರಡನೆಯದು ಬಂತೇ ಎಂಬುದನ್ನು ಬರೆಯಿರಿ. ಲೇನ್‌ಗಳ ಲೆಕ್ಕ ಬಲ್ಲ ಎಂಜಿನಿಯರ್ ಆ ಕಡೆ ಇದ್ದರೆ, ಹೊಸ ಡಾಕ್ ಕಳಿಸುವ ಬದಲು ಬೇರೆ ಪೋರ್ಟ್ ತೋರಿಸಿ ಅಥವಾ ನೂರಿನ್ನೂರು ರೂಪಾಯಿಯ ಎಚ್‌ಡಿಎಂಐ ಕೇಬಲ್ ಕೊಟ್ಟು ಟಿಕೆಟ್ ಮುಗಿಸಬಹುದು.